ವಿಡಿಯೊ ಅಳಿಸಿದವರು

ದೀಪಾವಳಿ ಹತ್ತಿರ ಬಂತೆಂದರೆ ರತ್ನಮಾಲಾಳ ಹೊಲಿಗೆ ಯಂತ್ರಕ್ಕೆ ಪುರಸೊತ್ತು ಇರುವುದಿಲ್ಲ. ಮರಾಠಿ ಸೀಮೆಯ ಇಚಲಕರಂಜಿಯ ಅವಳ ಓಣಿಯಲ್ಲಷ್ಟೇ ಅಲ್ಲ, ಹಿಂದಿನ ಎರಡು ಓಣಿಗಳ ಹೆಂಗಸರೂ ಹೊಸ ಸೀರೆಗೆ ಫಾಲ್ ಹಚ್ಚಿಸಲು, ಪಿಕೊ ಮಾಡಿಸಲು ಅವಳ ಕಿಟಕಿಗೇ ಬಂದು ನಿಲ್ಲುತ್ತಾರೆ. ಗಡಹಿಂಗ್ಲಜದ ಜೈನರ ಮನೆಯ ಹೆಣ್ಣುಮಗಳು ಅವಳು. ಮದುವೆಯಾಗಿ ಈ ಊರಿಗೆ ಬಂದಾಗ ಪವರ್‌ಲೂಮ್ ಮಗ್ಗಗಳ ಸದ್ದಿಗೆ ತಿಂಗಳುಗಟ್ಟಲೆ ನಿದ್ದೆ ಬಂದಿರಲಿಲ್ಲವಂತೆ. ಈಗ ಕರೆಂಟು ಹೋಗಿ ಮಗ್ಗಗಳು ನಿಂತರೇ ಅವಳಿಗೆ ಎಚ್ಚರವಾಗುತ್ತದೆ. ಗಂಡ ಅಭಯಕುಮಾರ ನೂಲಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಒಬ್ಬನೇ ಮಗ ಶ್ರೇಣಿಕ, ಆಗ ಒಂಬತ್ತನೆಯ ಇಯತ್ತೆ. ಪಕ್ಕದ ಖೋಲಿಗಳಲ್ಲಿ ಮೈದುನನ ಸಂಸಾರ. ಮೈದುನನ ಪುಟ್ಟ ಮಗಳು ಋತುಜಾ ಹಗಲೆಲ್ಲ ದೊಡ್ಡವ್ವನ ಯಂತ್ರದ ಕೆಳಗೆ ಬಿದ್ದ ಬಣ್ಣಬಣ್ಣದ ದಾರ ಆರಿಸುತ್ತ ಕೂಡುವವಳು.

ಆ ವರ್ಷ ದಸರಾ ಮುಗಿದ ಮೇಲೆ ಒಂದು ಮಧ್ಯಾಹ್ನ ಹಿಂದಿನ ಓಣಿಯ ಹೆಂಗಸೊಬ್ಬಳು ಸೀರೆ ಕೊಡಲು ಬಂದಳು. ಸೀರೆ ಕೊಟ್ಟಳು, ಆದರೆ ಹೋಗಲಿಲ್ಲ.

"ವೈನಿ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಶ್ರೇಣಿಕ ಆರಾಮ ಅದಾನೇನ್ರಿ?"

"ಯಾಕ್ರಿ? ಸಾಲಿಗೆ ಹೋಗ್ಯಾನ. ಆರಾಮ ಅದಾನ."

ಹೆಂಗಸು ಸೆರಗಿನೊಳಗಿಂದ ಮೊಬೈಲ್ ತೆಗೆದಳು. ತೋರಿಸಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದು, ಕಡೆಗೆ ಕಿಟಕಿಯೊಳಗೆ ಕೈ ಚಾಚಿದಳು.

ಮುಚ್ಚಿದ ಶೆಡ್ಡೊಂದರ ಹಿಂಬದಿ. ಶಾಲೆಯ ಅಂಗಿಯಲ್ಲೇ ಇದ್ದ ಶ್ರೇಣಿಕ ಎರಡೂ ಕಿವಿ ಹಿಡಿದು ಮೊಣಕಾಲ ಮೇಲೆ ಕುಳಿತಿದ್ದ. ಎದುರಿಗೆ ಅವನಿಗಿಂತ ತುಸು ದೊಡ್ಡ ಹುಡುಗ, ಕೊರಳಿಗೆ ಕೆಂಪು ಕರವಸ್ತ್ರ ಸುತ್ತಿಕೊಂಡವನು, ಕೆನ್ನೆಗೆ ಹೊಡೆಯುತ್ತಿದ್ದ. "ಭಾಯಿ, ಚುಕಲಂ ಅನ್ನು. ಜೋರಾಗಿ ಅನ್ನು." "ಭಾಯಿ, ಚುಕಲಂ," ತಪ್ಪಾಯಿತು ಭಾಯಿ, ಎಂದು ಶ್ರೇಣಿಕ ಅಂದ. ಇನ್ನೊಂದು ಏಟು. ಕಾಣದೆ ನಿಂತ ಹುಡುಗರು ನಗುವ ಸದ್ದು. ಕೊನೆಗೆ ಯಾರದೋ ಬೂಟುಗಾಲು ಅವನ ಭುಜದ ಮೇಲೆ ಬಂತು, ಢಣಢಣ ವಾದ್ಯದ ಹಾಡೊಂದು ಶುರುವಾಯಿತು, ವಿಡಿಯೊ ಮುಗಿದು ಮತ್ತೆ ಮೊದಲಿನಿಂದ ಓಡತೊಡಗಿತು.

ಆ ಅಂಗಿಯನ್ನು ರತ್ನಮಾಲಾ ಎರಡು ದಿನದ ಹಿಂದಷ್ಟೇ ಒಗೆದಿದ್ದಳು. ಭುಜದ ಮೇಲಿನ ಕೆಸರು ಹೋಗಲೊಲ್ಲದೆ ಹೋದಾಗ, "ಕಬಡ್ಡಿ ಆಡ್ಲಿಕ್ಕೆ ಬ್ಯಾರೆ ಅಂಗಿ ಹಾಕ್ಕೋಬಾರದೇನು?" ಎಂದು ಮಗನನ್ನು ಬೈದಿದ್ದಳು. ಅವನು ತಲೆ ತಗ್ಗಿಸಿ, "ಹೂಂ ಅವ್ವಾ" ಅಂದಿದ್ದ.

ಆಗಬೇಕಾದದ್ದು ಆಯಿತು. ಅಭಯಕುಮಾರ ಕೆಲಸ ಬಿಟ್ಟು ಓಡಿ ಬಂದ. ಶಾಲೆಗೆ ಹೋದರು, ಪೊಲೀಸ್ ಠಾಣೆಗೆ ಹೋದರು. ಹೊಡೆದವನ ಹೆಸರು ವಿಕಾಸ, ಪಕ್ಕದ ಊರು ಕೊರೋಚಿಯವನು, ಅದೇ ಶಾಲೆಯ ಹತ್ತನೆಯ ಇಯತ್ತೆ. ಅವನೂ ಅವನ ಗೆಳೆಯರೂ ಸೇರಿ 'ಭಾಯಿ'ಗಳ ಹಾಗೆ ರೀಲ್ ಮಾಡುತ್ತಿದ್ದರಂತೆ: ಕಟ್ಟಿಗೆಯ ಕತ್ತಿ ಹಿಡಿದು ನಡೆಯುವುದು, ಮೋಟಾರ್‌ಸೈಕಲ್ಲಿಗೆ ಒರಗಿ ಹೊಗೆ ಬಿಡುವುದು. ಅಂಥದೊಂದು ರೀಲಿನ ಕೆಳಗೆ ಶ್ರೇಣಿಕ ನಗುವ ಮುಖದ ಚಿತ್ರ ಹಾಕಿದ್ದ. ಅಷ್ಟೇ ಕಾರಣ. ಭಾಯಿಯನ್ನು ನೋಡಿ ನಕ್ಕವನು ಮಂಡಿಯೂರಿ ಮಾಫಿ ಕೇಳುವುದನ್ನು ಅವರು ಎಷ್ಟೋ ವಿಡಿಯೊಗಳಲ್ಲಿ ನೋಡಿದ್ದರು. ತಾವೂ ಹಾಗೇ ಮಾಡಿದರು.

ಠಾಣೆಯಲ್ಲಿ ಹುಡುಗರು ಬಿಕ್ಕಿ ಬಿಕ್ಕಿ ಅತ್ತರು. ವಿಕಾಸನ ತಾಯಿ ಬಂದವಳೇ ರತ್ನಮಾಲಾಳ ಕಾಲಿಗೆ ಬೀಳಲು ಬಗ್ಗಿದಳು. ರತ್ನಮಾಲಾ ಹಿಂದೆ ಸರಿದಳು. ಪೊಲೀಸರು ಮಾಡಬೇಕಾದ್ದನ್ನು ಮಾಡಿದರು, ಹುಡುಗರ ಪುಟಗಳಿಂದ ವಿಡಿಯೊ ತೆಗೆಸಿದರು. ಶಾಲೆಯವರು ಆ ಹುಡುಗರನ್ನು ಕೆಲ ಕಾಲ ಹೊರಗಿಟ್ಟರು. ಬರುವಾಗ ಠಾಣೆಯ ಅಧಿಕಾರಿ ಮೆತ್ತಗೆ ಹೇಳಿದ: "ಬಾಯಾರ, ಹುಡುಗೂರು ಸಿಕ್ಕಾರ. ಮಂದಿ ಮೊಬೈಲ್ದಾಗ ಹೊಕ್ಕಿದ್ದು ಹೆಂಗ ಸಿಗಬೇಕ್ರಿ?"

ಅವನು ಹೇಳಿದ್ದೇ ನಿಜವಾಯಿತು. ಗಡಹಿಂಗ್ಲಜದಿಂದ ತಮ್ಮ ಜಿನಪಾಲನ ಫೋನು ಬಂತು. "ಅಕ್ಕಾ, ಇಲ್ಲಿ ನಮ್ಮ ಗೆಳ್ಯಾರ ಗ್ರೂಪಿನ್ಯಾಗೂ ಬಂದೈತಿ. ನಾ ಜಗಳಾ ತಗದ್ನಿ." ಕೊಲ್ಹಾಪುರದ ಯಾವುದೋ ನಗೆಯ ಪುಟದವರು ಅದಕ್ಕೆ ಬೇರೆ ಹಾಡು ಸೇರಿಸಿ ಬಿಟ್ಟಿದ್ದಾರೆಂದೂ ಅವನೇ ಹೇಳಿದ. ಶ್ರೇಣಿಕ ಶಾಲೆಗೆ ಹೋಗುವುದನ್ನು ಬಿಟ್ಟ. ಊಟಕ್ಕೆ ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ. ಕೆನ್ನೆಯ ಬಾವು ಇಳಿದು ಹೋಗಿತ್ತು. ಆದರೆ ಯಾರ ಕೈಯಲ್ಲಾದರೂ ಮೊಬೈಲ್ ಕಂಡರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಅಂಗಳದಲ್ಲಿ ಮಕ್ಕಳು ಆಡುವ ಸದ್ದು ಕೇಳಿ ರತ್ನಮಾಲಾ ಕಿಟಕಿಯಿಂದ ನೋಡಿದಳು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಋತುಜಾ ಮಂಡಿಯೂರಿ ಕಿವಿ ಹಿಡಿದುಕೊಂಡಿದ್ದಳು. ಪಕ್ಕದ ಮನೆಯ ಪೋರ ಅವಳ ಕೆನ್ನೆಗೆ ಹೊಡೆದ ಹಾಗೆ ಮಾಡುತ್ತಿದ್ದ. ಇನ್ನೊಂದು ಮಗು ಸಾಬೂನಿನ ಡಬ್ಬಿಯನ್ನು ಕಣ್ಣ ಮುಂದೆ ಎತ್ತಿ ಹಿಡಿದು ನಿಂತಿತ್ತು. "ಭಾಯಿ, ಚುಕಲಂ!" ಎಂದು ಋತುಜಾ ಕೂಗಿದಳು, ಕೂಗಿ ಕಿಲಕಿಲ ನಕ್ಕಳು. "ಆತು, ಈಗ ಹೊಡೆಯೂ ಪಾಳಿ ನಂದು."

ರತ್ನಮಾಲಾ ಹೊರಗೆ ಬಂದು ಮಗುವಿನ ಎದುರು ಕುಕ್ಕರಗಾಲಿನಲ್ಲಿ ಕುಳಿತಳು.

"ಇದ್ಯಾವ ಆಟ, ಕೂಸ?"

"ಶ್ರೇಣಿಕಣ್ಣನ ಆಟ, ದೊಡ್ಡವ್ವಾ."

"ಯಾರ ಕಲಿಸಿದ್ರು?"

"ಯಾರೂ ಕಲಿಸಿಲ್ಲ. ಎಲ್ಲಾರೂ ನೋಡ್ಯಾರಲ್ಲ."

"ಅಣ್ಣಗ ಎಷ್ಟ ನೋವಾಗಿರಬೇಕು, ಹೌದಿಲ್ಲೋ?"

ಋತುಜಾ ದೊಡ್ಡವ್ವನನ್ನೇ ಪಿಳಿಪಿಳಿ ನೋಡಿದಳು. "ಅದು ಖರೇ ಅಲ್ಲಲ್ಲ ದೊಡ್ಡವ್ವಾ. ಮೊಬೈಲ್ದಾಗಿಂದು."

ರತ್ನಮಾಲಾ ತಲೆ ಎತ್ತಿದಳು. ಕಿಟಕಿಯ ಸರಳು ಹಿಡಿದು ಶ್ರೇಣಿಕ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಆ ಸಂಜೆ ಅವಳ ಕೈಗೆ ಕೆಲಸ ಹತ್ತಲಿಲ್ಲ. ಎಂದೋ ಯಾವುದೋ ಊರಿನಲ್ಲಿ ಯಾರನ್ನೋ ಕಂಬಕ್ಕೆ ಕಟ್ಟಿ ಹೊಡೆಯುವ ವಿಡಿಯೊವನ್ನು ತಾನೂ ಓರಗಿತ್ತಿಯೂ ಚಹಾ ಕುಡಿಯುತ್ತ ನೋಡಿದ್ದು ನೆನಪಾಯಿತು. ಪಾಪ ಅಂದಿದ್ದರು, ಬಟ್ಟಲು ತೊಳೆದಿಟ್ಟಿದ್ದರು. ಆ ಮನುಷ್ಯನಿಗೂ ಒಬ್ಬ ತಾಯಿ ಇದ್ದಿರಬೇಕು.

ಹೊತ್ತು ಮುಳುಗುವ ಮೊದಲು ಊಟ ಮುಗಿಸಿದ ಮೇಲೆ ಅವಳು ಮಗನ ಹತ್ತಿರ ಹೋಗಿ ಕುಳಿತಳು. "ಶ್ರೇಣಿಕ, ನಾ ಮಂದಿ ಮನಿಗೆ ಹೋಗ್ತೇನಿ. ಅದನ್ನ ತಗೀರಿ ಅಂತ ಕೇಳ್ತೇನಿ."

"ಎಷ್ಟ ಮಂದೀದು ತಗಸ್ತಿ ಅವ್ವಾ?"

"ಗೊತ್ತಿಲ್ಲಪಾ."

ಅವನು ಮೊಣಕಾಲು ಮಡಚಿ ಗೋಡೆಗೆ ಒರಗಿದ. ಆಮೇಲೆ, "ಅಳಬ್ಯಾಡ ಮತ್ತ, ಅವರ ಮುಂದ," ಅಂದ. ಬೇಡ ಎನ್ನಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

ಮರುದಿನ ಮುಂಜಾನೆ ಯಂತ್ರಕ್ಕೆ ಹೊದಿಕೆ ಹಾಕಿ ರತ್ನಮಾಲಾ ಹೊರಟಳು. ಮೊದಲು ಓಣಿಯ ಬಾಯಲ್ಲಿರುವ ಚಹಾದ ಗಾಡಿಯವನು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಂದಿಸಿಕೊಂಡು ಬಂದಿದ್ದಳು, ಎದುರಿಗೆ ನಿಂತಾಗ ಎಲ್ಲ ಮರೆತುಹೋಯಿತು.

"ಭಾವೂ, ನನ್ನ ಮಗನ ವಿಡಿಯೊ ನಿಮ್ಮ ಕಡೆ ಇದ್ರ ತಗದ ಹಾಕ್ರಿ."

ಚಹಾದವನು ಒಲೆ ಸಣ್ಣ ಮಾಡಿದ. ಕೈ ಒರೆಸಿಕೊಂಡು ಮೊಬೈಲ್ ತೆಗೆದ. "ಐತ್ರಿ ವೈನಿ," ಅಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವಳ ಎದುರೇ ಅಳಿಸಿದ. ಆಮೇಲೆ ಗಾಡಿಯ ಸುತ್ತ ನಿಂತ ಗಿರಾಕಿಗಳ ಕಡೆ ತಿರುಗಿ, "ನಿಮ್ಮ ಕಡೆ?" ಎಂದು ಕೇಳಿದ. ಇಬ್ಬರು ಕಪ್ಪು ಕೆಳಗಿಟ್ಟು ಜೇಬಿಗೆ ಕೈ ಹಾಕಿದರು.

ಮುಂದೆ ಕಿರಾಣಿ ಅಂಗಡಿಯ ಮುದುಕ. ಅವನಿಗೆ ಅಳಿಸುವುದು ಹೇಗೆಂದು ತಿಳಿಯದು. ಮೊಬೈಲನ್ನು ಅವಳ ಕೈಗೇ ಕೊಟ್ಟು, ಅವಳು ಹುಡುಕುವಷ್ಟು ಹೊತ್ತೂ ಮುಖ ಆಚೆ ತಿರುಗಿಸಿ ನಿಂತ. ಇನ್ನೊಂದು ಮನೆಯಲ್ಲಿ ಒಬ್ಬ, "ಊರ ತುಂಬ ಐತಿ, ನಂದೊಂದು ತಗದ್ರ ಏನ ಆತ್ರಿ?" ಅಂದ. ರತ್ನಮಾಲಾ, "ಊರ ತುಂಬ ಹೊಂಟೇನ್ರಿ. ದಾರ್ಯಾಗ ನಿಮ್ಮ ಮನಿ ಬಂತು," ಅಂದಳು. ಅವನ ಹೆಂಡತಿ ಒಳಗಿನಿಂದ ಬಂದು ಗಂಡನ ಕೈಯಿಂದ ಮೊಬೈಲ್ ಕಸಿದುಕೊಂಡಳು.

ಹೀಗೆ ಕೆಲವು ದಿನ ನಡೆಯಿತು. ಆದರೆ ಒಂದು ಮಧ್ಯಾಹ್ನ ಮೊಬೈಲಿಗೆ ಕವರು ಮಾರುವ ಅಂಗಡಿಯಲ್ಲಿ ಕೇಳಿದಾಗ ಅಲ್ಲಿದ್ದ ತರುಣನೊಬ್ಬ, "ಯಾವ ವಿಡಿಯೊ ಕಾಕು?" ಅಂದ. ಅವನು ನಿಜಕ್ಕೂ ನೋಡಿರಲಿಲ್ಲ. ಪಕ್ಕದವನನ್ನು ಕೇಳಿದ, ಪಕ್ಕದವನು ಹುಡುಕಿದ. ಅವಳು ನೋಡುತ್ತಿದ್ದಂತೆ ನಾಲ್ಕು ತಲೆಗಳು ಒಂದು ಮೊಬೈಲಿನ ಮೇಲೆ ಬಾಗಿದವು, ಅದರೊಳಗಿಂದ ಮಗನ ದನಿ ಕೇಳಿತು: "ಭಾಯಿ, ಚುಕಲಂ."

ರತ್ನಮಾಲಾ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುಳಿತುಬಿಟ್ಟಳು. ತಾನು ಅಳಿಸಲು ಹೋಗಿ ಹರಡಿ ಬಂದೆನಲ್ಲ ಎಂಬ ಸಂಕಟ. ಅಭಯಕುಮಾರ, "ಬಿಡು, ಸಾಕು ಮಾಡು. ಯಾರ್ಯಾರ ಮುಂದ ಕೈ ಒಡ್ಡಾಕಿ?" ಅಂದ. ಅವಳು ಹೂಂ ಅಂದಳು. ಮತ್ತೆ ಯಂತ್ರದ ಮುಂದೆ ಕುಳಿತಳು.

ಅದಾದ ವಾರದಲ್ಲೇ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹಣೆಗೆ ದೊಡ್ಡ ಕುಂಕುಮ, ಕೂದಲ ಮೇಲೆ ಹತ್ತಿಯ ಎಳೆಗಳು ಬಿಳಿಯಾಗಿ ಕೂತಿದ್ದವು. ವಿಕಾಸನ ತಾಯಿ ಯಮುನವ್ವ. ಗಡಹಿಂಗ್ಲಜದ ಕಡೆಯ ಕುರಿಗಾರರ ಮನೆತನ. ಗಂಡ ಧೋಂಡಿಬಾ ಕುರಿಯೊಂದಿಗೆ ಅಲ್ಲೇ ಇದ್ದ. ಮಗ ಕಲಿಯಲಿ ಎಂದು ಆಕೆ ಕೊರೋಚಿಯಲ್ಲಿ ಖೋಲಿ ಹಿಡಿದು, ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವ ಕೆಲಸ ಮಾಡುತ್ತಿದ್ದಳು.

"ಅಕ್ಕಾರ, ನೀವು ಮನಿಮನಿಗೆ ಹೊಂಟೀರಿ ಅಂತ ಕೇಳಿದ್ನಿ. ನಾನೂ ಬರ್ತೇನ್ರಿ."

ರತ್ನಮಾಲಾ ಬಾಗಿಲು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ. "ನೀವು ಬಂದ ಏನ ಮಾಡ್ತೀರಿ?"

"ನನ್ನ ಮಗ ಯಾರ್ಯಾರಿಗೆ ಕಳಿಸ್ಯಾನ, ಅವರು ಯಾರಿಗೆ ಕಳಿಸ್ಯಾರ, ಕುಂದ್ರಿಸಿಕೊಂಡ ಕೇಳೇನಿ. ಆ ಮನಿ ನನಗ ಗೊತ್ತದಾವ. ನೋಡದವರ ಮುಂದ ಬಾಯಿ ಬಿಡೂದು ಬ್ಯಾಡ. ನೋಡಿದವರ ಕಡೆನ ಹೋಗೂಣು."

ತಾನು ಎಡವಿದ್ದು ಎಲ್ಲಿ ಎಂಬುದು ರತ್ನಮಾಲಾಳಿಗೆ ಆಗ ಹೊಳೆಯಿತು. ಆದರೂ ಮನಸ್ಸು ಕರಗಲಿಲ್ಲ. "ಅಂವ ಯಾಕ ಹಿಂಗ ಮಾಡಿದ?" ಎಂದು ಕೇಳಿದಳು. ಠಾಣೆಯಲ್ಲಿ ಕೇಳಲಾಗದೆ ಉಳಿದಿದ್ದ ಪ್ರಶ್ನೆ ಅದು.

ಯಮುನವ್ವ ಹೊಸ್ತಿಲ ಹೊರಗೇ ಕುಳಿತಳು. "ಕೊರೋನಾದಾಗ ಸಾಲಿ ಮೊಬೈಲ್ದಾಗ ಬಂತಲ್ರಿ ಅಕ್ಕಾರ, ಆವಾಗ ಕೊಡಿಸಿದ್ನಿ. ನಾ ಕೆಲಸಕ್ಕ ಹೋದ್ರ ಬಾಗಲಾ ಹಾಕ್ಕೊಂಡ ಒಬ್ಬನ ಕುಂಡ್ರತಿದ್ದ. ಓಣ್ಯಾಗ ಅಡ್ಡಾಡೂದಿಲ್ಲ, ಜಗಳಿಲ್ಲ, ಗಪ್ಪ ಕುಂತಾನ ಅಂತ ನನಗ ಸಮಾಧಾನ. ಗಪ್ಪ ಕುಂತು ಬಡದಾಡೂದು, ಕಡದಾಡೂದು ನೋಡಾಕತ್ತಿದ್ದ. ಬರಬರ್ತಾ ನಡಗಿ ಬದಲಾತು, ಮಾತ ಬದಲಾತು. ದೊಡ್ಡಾಂವ ಆಗಾಕತ್ತಾನ ಅಂತ ನಾ ತಿಳಕೊಂಡ್ನಿ." ಆಕೆ ಕೂದಲಿನ ಹತ್ತಿ ಎಳೆದು ಬೆರಳಲ್ಲಿ ಉಂಡೆ ಮಾಡುತ್ತಿದ್ದಳು. "ಅಕ್ಕಾರ, ಮಾಫ್ ಮಾಡ್ರಿ ಅಂತ ನಾ ಕೇಳಾಕ ಬಂದಿಲ್ರಿ. ನಡಿಯಾಕ ಬಂದೇನಿ."

ರತ್ನಮಾಲಾ ಚಪ್ಪಲಿ ಮೆಟ್ಟಿಕೊಂಡಳು.

ಇಬ್ಬರೂ ಕೂಡಿ ಹೊರಟ ಮೇಲೆ ಮಾತಿನ ರೀತಿಯೇ ಬೇರೆಯಾಯಿತು. ಒಬ್ಬಳೇ ಹೋದಾಗ ಮಂದಿ ಕನಿಕರ ಪಡುತ್ತಿದ್ದರು. ಕನಿಕರದ ಹಿಂದೆ ಒಂದಿಷ್ಟು ಕುತೂಹಲವೂ ಇರುತ್ತಿತ್ತು. ಈಗ ಯಮುನವ್ವ ಮೊದಲು ಮಾತಾಡುತ್ತಿದ್ದಳು: "ಹೊಡಸ್ಕೊಂಡಾಂವ ಇವರ ಮಗ. ಹೊಡದಾಂವ ನನ್ನ ಮಗ. ನಾಚಿಕಿ ನಮ್ಮದೈತಿ, ಆ ಹುಡುಗಂದಲ್ಲ. ತಗದ ಹಾಕ್ರಿ." ಇಬ್ಬರು ತಾಯಂದಿರನ್ನು ಅಕ್ಕಪಕ್ಕದಲ್ಲಿ ಕಂಡ ಮೇಲೆ ಯಾರ ಮುಖದಲ್ಲೂ ನಗು ಉಳಿಯುತ್ತಿರಲಿಲ್ಲ.

ಕೊರೋಚಿಯ ಒಂದು ಶೆಡ್ಡಿನಲ್ಲಿ ನಡೆದದ್ದನ್ನು ರತ್ನಮಾಲಾ ಇಂದಿಗೂ ಕೈಮುಗಿದೇ ಹೇಳುತ್ತಾಳೆ. ಅಲ್ಲಿ ಮಗ್ಗಗಳ ಅಬ್ಬರಕ್ಕೆ ಪಕ್ಕದವನ ಮಾತೂ ಪಕ್ಕದವನಿಗೆ ಕೇಳದು. ಯಮುನವ್ವ ಒಬ್ಬ ಮಗ್ಗದವನ ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದಳು, ಅವನಿಗೆ ತಿಳಿಯಲಿಲ್ಲ. ಇಬ್ಬರನ್ನೂ ನೋಡಿದ. ಏನೋ ದೊಡ್ಡ ಮಾತಿದೆ ಅನ್ನಿಸಿರಬೇಕು, ತನ್ನ ನಾಲ್ಕೂ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ. ಮಗ್ಗ ನಿಂತಷ್ಟು ಹೊತ್ತು ಅವನ ಕೂಲಿಯೂ ನಿಂತಂತೆ. ಅದನ್ನು ಕಂಡು ಆಚೆಯವನೂ ನಿಲ್ಲಿಸಿದ, ಅದರಾಚೆಯವನೂ. ಇಡೀ ಶೆಡ್ಡು ಮೌನವಾಯಿತು. ಆ ಮೌನದಲ್ಲಿ ರತ್ನಮಾಲಾಳ ದನಿ ಅವಳಿಗೇ ಬೇರೆಯಾಗಿ ಕೇಳಿತು. ಎಣ್ಣೆಯ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಮೊಬೈಲ್ ತೆಗೆದರು. ಆ ಮೊದಲನೆಯವನು ಮರಾಠಿಯಲ್ಲಿ, "ಇನ್ನು ಇಂಥದ್ದು ಬಂದರೆ ನನ್ನ ಹತ್ತಿರವೇ ನಿಲ್ಲುತ್ತದೆ, ತಾಯಿ," ಎಂದು ಹೇಳಿ ಮಗ್ಗ ಶುರು ಮಾಡಿದ. ಅವನ ಹೆಸರು ಕೇಳಲು ಅವಳಿಗೆ ತೋಚಲಿಲ್ಲ. ಈಗಲೂ ಗೊತ್ತಿಲ್ಲ.

ಕಬ್ಬಿನ ಗಾಡಿಗಳು ರಸ್ತೆ ತುಂಬಿಕೊಂಡ ದಿನಗಳಲ್ಲಿ ಇಬ್ಬರೂ ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದರು. ಜಿನಪಾಲ ತನ್ನ ಗೆಳೆಯರನ್ನೆಲ್ಲ ಮನೆಗೇ ಕರೆಸಿದ್ದ. ಚಹಾ ಕುಡಿದು, ಮುಖ ತಗ್ಗಿಸಿ, ವಿಡಿಯೊ ತೆಗೆದರು. ಅಲ್ಲಿಂದ ಯಮುನವ್ವ ರತ್ನಮಾಲಾಳನ್ನು ಊರ ಹೊರಗೆ, ಗಂಡ ಕುರಿ ತರುಬಿದ್ದ ಹೊಲಕ್ಕೆ ಕರೆದೊಯ್ದಳು.

ಧೋಂಡಿಬಾ ಕಂಬಳಿ ಹಾಸಿ ಕೂಡಿಸಿದ. ಕುರಿಗಳ ಕಡೆ ನೋಡುತ್ತಲೇ ಹೇಳಿದ.

"ಬಾಯಾರ, ನಮ್ಮ ಹುಡುಗೂರು ಇಲ್ಲೇ ಕುಂತ ನೋಡಾಕತ್ತಿದ್ರು. ನಾನೂ ಬಗ್ಗಿ ನೋಡಿದ್ನಿ. ಯಾವನೋ ಯಾವಂಗೋ ಹೊಡ್ಯಾಕತ್ತಾನ. ಅವರು ನಕ್ರು, ನಾನೂ ನಕ್ಕೇನ್ರಿ. ಮತ್ತೊಮ್ಮಿ ಹಚ್ಚಿದ್ರು. ಆವಾಗ ಕೈ ಎತ್ತಿದ್ದ ರೀತಿ ನೋಡಿದ್ನಿ. ಸಣ್ಣಾಂವಿದ್ದಾಗ ಕುರಿ ತಿರವಾಕ ನಾನ ಕಲಿಸಿದ್ದು ಹಂಗ ಕೈ ಎತ್ತಾಕ. ನನ್ನ ಮಗ." ಅವನು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. "ಮೊದಲ ಸಲ ಯಾಕ ನಕ್ಕೆ ನಾನು, ಬಾಯಾರ? ಅದನ್ನ ಇಚಾರ ಮಾಡಾಕತ್ತೇನಿ."

ಆ ಪ್ರಶ್ನೆಯನ್ನು ಅವನು ತನ್ನೆದುರು ಬಾಯಿಬಿಟ್ಟು ಕೇಳಿದ್ದೇ ರತ್ನಮಾಲಾಳಿಗೆ ದೊಡ್ಡದೆನಿಸಿತು. ಬರುವಾಗ ಧೋಂಡಿಬಾ, ಮಗನನ್ನು ರಜೆಗೆ ತನ್ನ ಹತ್ತಿರ ಕಳಿಸಲು ಹೆಂಡತಿಗೆ ಹೇಳಿದ. "ಬಯ್ಯೂದಿಲ್ಲ. ಜೋಡಿ ಇಟಗೊಳ್ತೇನಿ, ಅಷ್ಟ."

ಕೊನೆಗೆ ಉಳಿದದ್ದು ಕೊಲ್ಹಾಪುರದ ಆ ನಗೆಯ ಪುಟ. ಅದರಿಂದಲೇ ವಿಡಿಯೊ ಎಲ್ಲಕ್ಕಿಂತ ಹೆಚ್ಚು ಹರಡಿತ್ತು; ಪೊಲೀಸರು ಒಮ್ಮೆ ತೆಗೆಸಿದ ಮೇಲೂ ಮತ್ತೆ ಬಂದಿತ್ತು. ಅದನ್ನು ನಡೆಸುವವನ ವಿಳಾಸ ಹುಡುಕಿದವನು ವಿಕಾಸ. ತನ್ನ ಹೆಸರಿನಲ್ಲೇ ಅವನಿಗೆ ಬರೆದು, "ನಮ್ಮವ್ವ, ಶ್ರೇಣಿಕನವ್ವ ಬರ್ತಾರ, ಒಮ್ಮೆ ಭೆಟ್ಟಿಯಾಗು" ಎಂದು ಕೇಳಿಕೊಂಡಿದ್ದ. ಕೊಲ್ಹಾಪುರದ ಬಸ್ ನಿಲ್ದಾಣದ ಎದುರು ಇಬ್ಬರು ತಾಯಂದಿರೂ ಕಾದಿದ್ದ ಹೋಟೆಲಿಗೆ ಬಂದವನು ರೋಹನ ಎಂಬ ಕಾಲೇಜಿನ ಹುಡುಗ. ಕನ್ನಡಕದ ಬಡಕಲು ಮುಖ, ಕೈಯಲ್ಲಿ ಹೆಲ್ಮೆಟ್ಟು. ಬಯ್ಗುಳಕ್ಕೆ ಸಿದ್ಧನಾಗಿ ಬಂದಂತಿದ್ದ. ರತ್ನಮಾಲಾ ಬಯ್ಯಲಿಲ್ಲ. ಅವನಿಗೂ ಚಹಾ ಹೇಳಿದಳು. ಮಗ ಶಾಲೆಗೆ ಹೋಗುತ್ತಿಲ್ಲ ಎಂದಳು. ಮೈದುನನ ಮಗು ಆಡಿದ ಆಟವನ್ನು ಹೇಳಿದಳು. ಮಗು 'ಅದು ಖರೇ ಅಲ್ಲ' ಅಂದದ್ದನ್ನೂ ಹೇಳಿದಳು.

ರೋಹನ ಚಹಾ ಮುಟ್ಟಲಿಲ್ಲ. "ಕಾಕು," ಅಂದ, "ತೋ ಖರಾ ಮುಲಗಾ ಆಹೇ, ಹೇ ಮಾಝ್ಯಾ ಡೋಕ್ಯಾತಚ ಆಲಂ ನಾಹೀ." ಅಂದರೆ, ಅವನು ನಿಜವಾದ ಹುಡುಗ ಎಂಬುದು ನನ್ನ ತಲೆಗೇ ಬರಲಿಲ್ಲ. ಪುಟ್ಟ ಋತುಜಾ ಆಡಿದ ಮಾತನ್ನೇ ಇಷ್ಟು ದೊಡ್ಡ ಹುಡುಗನ ಬಾಯಲ್ಲೂ ಕೇಳಿ ರತ್ನಮಾಲಾ ಯಮುನವ್ವನ ಮುಖ ನೋಡಿದಳು.

ಅವನು ಅಲ್ಲೇ ಅಳಿಸಿದ. ಅಷ್ಟಕ್ಕೇ ಬಿಡಲಿಲ್ಲ. ಮರುದಿನ ತನ್ನ ಮುಖ ತೋರಿಸಿಯೇ ಒಂದು ವಿಡಿಯೊ ಹಾಕಿದ: ತಪ್ಪು ನನ್ನದು, ನನ್ನ ಪುಟದಿಂದ ಒಯ್ದವರೆಲ್ಲ ದಯವಿಟ್ಟು ತೆಗೆಯಿರಿ. ಕೆಳಗೆ ಮಂದಿ ಅವನನ್ನು ಬಾಯಿಗೆ ಬಂದಂತೆ ಬೈದರು, ಹೆದರುಪುಕ್ಕಲ ಎಂದರು. ಆದರೂ ಅವನು ತನ್ನ ಆ ವಿಡಿಯೊ ತೆಗೆಯಲಿಲ್ಲ. ಬೈದವರ ನಡುವೆ, 'ನಾನು ತೆಗೆದೆ', 'ನಾನೂ ತೆಗೆದೆ' ಎಂದು ಬರೆದವರೂ ಇದ್ದರು. ಮುಖ ನೋಡದ ಊರುಗಳ ಮಂದಿ. ಅಭಯಕುಮಾರ ಅವನ್ನು ಒಂದೊಂದಾಗಿ ಮಗನಿಗೆ ಓದಿ ಹೇಳಿದ. ಅಷ್ಟು ದಿನ ಯಮುನವ್ವ ಬಂದರೆ ಅಭಯಕುಮಾರ ಎದ್ದು ಹೊರಗೆ ಹೋಗುತ್ತಿದ್ದ. ಅಂದು ಅವಳು ಬಂದಾಗ ಓದುವುದನ್ನು ನಿಲ್ಲಿಸಿ, "ಒಳಗ ಬರ್ರಿ, ಬಾಗಲಾಗ ಯಾಕ ನಿಂತೀರಿ," ಅಂದ.

ಹೊಸ ವರ್ಷದ ರಜೆ ಮುಗಿದ ಮೇಲೆ ಒಂದು ಮುಂಜಾನೆ ಶ್ರೇಣಿಕ ತಾನಾಗಿಯೇ ಶಾಲೆಯ ಅಂಗಿ ಹಾಕಿಕೊಂಡ. ರತ್ನಮಾಲಾ ಏನೂ ಕೇಳದೆ ಡಬ್ಬಿ ಕಟ್ಟಿಕೊಟ್ಟಳು. ಸಂಜೆ ಬಂದವನು ಚಹಾದಲ್ಲಿ ಅದ್ದಿದ ಖಾರಿ ಬಿಸ್ಕೀಟು ತಿನ್ನುತ್ತ, ತನ್ನ ಬೆಂಚಿನ ಜಾಗದಲ್ಲಿ ಯಾರೂ ಕೂತಿರಲಿಲ್ಲವೆಂದ. ಸರ್ ಏನೂ ಕೇಳಲಿಲ್ಲ, ಲೆಕ್ಕ ಮಾಡಲು ಬೋರ್ಡಿಗೆ ಕರೆದರಂತೆ. ಊಟದ ಬಿಡುವಿನಲ್ಲಿ ಗೆಳೆಯನೊಬ್ಬ, "ನಮ್ಮ ವರ್ಗದ ಒಬ್ಬನ ಕಡೆನೂ ಅದಿಲ್ಲ ನೋಡು. ನಾವ ಕುಂತ ತಗಸೇವಿ," ಅಂದನಂತೆ. ರತ್ನಮಾಲಾ ಯಂತ್ರದ ಕಡೆ ತಿರುಗಿ ಕುಳಿತಳು. ಅಳಬೇಡ ಅಂದದ್ದು ಮಂದಿಯ ಮುಂದೆ ಮಾತ್ರ. ಆದರೂ ಮಗನಿಗೆ ಕಾಣಬಾರದಿತ್ತು.

ಸಂಕ್ರಾಂತಿಯ ದಿನ ವಿಕಾಸ ತಾಯಿಯೊಡನೆ ಬಂದ. ತಲೆಗೂದಲು ಸಾದಾ ಕತ್ತರಿಸಿತ್ತು, ಅಪ್ಪನ ಕುರಿಗಳ ಹಿಂದೆ ತಿರುಗಿ ಬಿಸಿಲಿಗೆ ಮೈ ಕರ್ರಗಾಗಿತ್ತು. ಎಳ್ಳುಬೆಲ್ಲ ಮುಂದೆ ಮಾಡಿ, "ಚುಕಲಂ" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಮೊಬೈಲ್ ಹಿಡಿದಿರಲಿಲ್ಲ. ಶ್ರೇಣಿಕ ಎಳ್ಳುಬೆಲ್ಲ ತೆಗೆದುಕೊಂಡು ಒಳಗೆ ಹೋದ. ರತ್ನಮಾಲಾ ಅವನನ್ನು ಕರೆಯಲಿಲ್ಲ. ಇಬ್ಬರೂ ಗೆಳೆಯರಾಗಲಿಲ್ಲ, ಆಗಬೇಕೆಂದು ಯಾರೂ ಒತ್ತಾಯಿಸಲಿಲ್ಲ. ಶಾಲೆಯ ದಾರಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸದೆ ಹಾದುಹೋಗುತ್ತಿದ್ದರು.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ವಿಡಿಯೊ ಪೂರ್ತಿ ಅಳಿದಿಲ್ಲ ಎಂದು ರತ್ನಮಾಲಾಳಿಗೆ ಗೊತ್ತು. ಎಲ್ಲಿಯೋ ಯಾರ ಮೊಬೈಲಿನಲ್ಲೋ ಇದ್ದೇ ಇರುತ್ತದೆ. ಮೊದಮೊದಲು ಅದನ್ನು ನೆನೆದರೆ ಹೊಲಿಗೆ ಬಿಟ್ಟು ಎದ್ದುಬಿಡುತ್ತಿದ್ದಳು. ಈಗ ಅದು ನೆನಪಾದರೆ ಜೊತೆಗೇ ಬೇರೆ ಮುಖಗಳೂ ನೆನಪಾಗುತ್ತವೆ: ಮುಖ ತಿರುಗಿಸಿ ನಿಂತ ಕಿರಾಣಿಯ ಮುದುಕ, ಗಂಡನ ಕೈಯಿಂದ ಮೊಬೈಲ್ ಕಸಿದ ಹೆಂಗಸು, ಕಂಬಳಿಯ ಮೇಲೆ ಕುಳಿತು ತನ್ನನ್ನೇ ಕೇಳಿಕೊಂಡ ಧೋಂಡಿಬಾ. ಮಂದಿರಕ್ಕೆ ಹೋದಾಗ ಇವರೆಲ್ಲರಿಗೂ ಸೇರಿಸಿಯೇ ಕೈಮುಗಿಯುತ್ತಾಳೆ. ಹೆಸರು ಗೊತ್ತಿಲ್ಲದವರಿಗಾಗಿ ಒಂದು ಗಳಿಗೆ ಹೆಚ್ಚಿಗೆ ನಿಲ್ಲುತ್ತಾಳೆ.

ಮೊನ್ನೆ ಉದಗಾಂವದಿಂದ ಸೋನಾಬಾಯಿ ಎಂಬವಳು ಹುಡುಕಿಕೊಂಡು ಬಂದಳು. ಕೈಯಲ್ಲಿ ಸೀರೆ ಇರಲಿಲ್ಲ. ಅವಳ ಮಗಳನ್ನು ಟ್ಯೂಷನ್ನಿನ ಹುಡುಗಿಯರು ಜಡೆ ಹಿಡಿದು ಎಳೆದಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು. ಹುಡುಗಿ ಅನ್ನ ಬಿಟ್ಟು ಮಲಗಿದ್ದಳು.

"ನೀವು ಹೆಂಗ ಮಾಡಿದ್ರಿ ಅಂತ ಕೇಳಾಕ ಬಂದೇನ್ರಿ," ಅಂದಳು ಸೋನಾಬಾಯಿ. "ಮನೀಗಿ ಹೋಗಿ ಹೇಳಿದ್ರ ಮಂದಿ ಕೇಳ್ತಾರೇನ್ರಿ?"

"ಎಲ್ಲಾರೂ ಕೇಳೂದಿಲ್ರಿ. ಭಾಳ ಮಂದಿ ಕೇಳ್ತಾರ," ಅಂದಳು ರತ್ನಮಾಲಾ. "ಮೊದಲ ನೀರ ಕುಡೀರಿ. ಮಗಳನ್ನ ಕೇಳೀರೇನು, ಮಂದಿ ಮನಿಗೆ ಹೋಗಲೇನು ಅಂತ? ಅಕೀನ್ನ ಕೇಳಾರದ ಹೋಗಬಾರದು. ಆಮ್ಯಾಗ ಹೊಡದ ಹುಡುಗ್ಯಾರ ತಾಯಂದಿರು ಯಾರು, ಅದನ್ನ ತಿಳಕೊಳ್ಳೂಣು."

ಯಂತ್ರದ ಮೇಲಿದ್ದ ಸೀರೆಯನ್ನು ಮಡಚಿಟ್ಟು ಅವಳು ಯಮುನವ್ವನಿಗೆ ಫೋನು ಹಚ್ಚಿದಳು. ಆ ಕಡೆ ಮಗ್ಗಗಳ ಸದ್ದು.

"ಯಮುನವ್ವಾ, ನಾಳಿ ಸುಟ್ಟಿ ಸಿಗತೈತೇನ? ಉದಗಾಂವಕ್ಕ ಹೋಗೂದೈತಿ."

"ಹೇಳತೇನ್ರಿ ಶೆಡ್ಡಿನ ಶೇಟಗ," ಎಂದು ಯಮುನವ್ವ ಸದ್ದಿನ ಮೇಲೆ ಕೂಗಿದಳು. "ಎಷ್ಟೊತ್ತಿಗೆ ಬರ್ಲಿ ಸ್ಟ್ಯಾಂಡಿಗೆ?"